ಕಲಿಕೆಗೂ ಸಂವಹನಕ್ಕೂ ಡಿಜಿಟಲ್ ಆಟ ಮತ್ತು ಭಾಷಾ ತಂತ್ರಜ್ಞಾನವನ್ನು ಬಳಸುವ ಬಗೆ

ಅಕ್ಷರ ಕಲಿಸುವ ಆಟವೊಂದರಲ್ಲಿ 7 ವರ್ಷದ ಹುಡುಗನೊಬ್ಬ ಒಂದಾದ ಮೇಲೊಂದು ಹಂತ ದಾಟುತ್ತಿದ್ದ. ಟ್ಯಾಬ್ ಒಂದು ಅಕ್ಷರದ ಉಚ್ಚಾರವನ್ನು ಕೇಳಿಸುತ್ತದೆ, ಪರದೆಯ ಮೇಲೆ ನಾಲ್ಕು ಅಕ್ಷರಗಳು ಬರುತ್ತವೆ, ಸರಿಯಾದುದನ್ನು ಮುಟ್ಟಬೇಕು, ಆಟ ಇಷ್ಟೇ. ಅಂಕಪಟ್ಟಿಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಕಡಿಮೆ ಎಂದೂ ಇರಲಿಲ್ಲ. ಆದರೆ ಅದೇ ಅಕ್ಷರಗಳನ್ನು ಕಾಗದದ ಮೇಲೆ ಬರೆದು ಕೇಳಿದರೆ ಅವನು ಸುಮ್ಮನೆ ನನ್ನ ಮುಖ ನೋಡುತ್ತಿದ್ದ. ಒಂದು ದಿನ ಪಕ್ಕದಲ್ಲಿ ಕುಳಿತು ಗಮನಿಸಿದಾಗ ಕಾರಣ ತಿಳಿಯಿತು. ಉತ್ತರ ತಡವಾದರೆ ಸರಿಯಾದ ಅಕ್ಷರವು ಮೆಲ್ಲಗೆ ಅಲುಗಾಡುವಂತೆ ಆ ಆಟವನ್ನು ರೂಪಿಸಿದ್ದರು. ಹುಡುಗ ಧ್ವನಿಗೆ ಕಿವಿಗೊಡುತ್ತಲೇ ಇರಲಿಲ್ಲ. ಬೆರಳನ್ನು ಪರದೆಯ ಹತ್ತಿರ ಹಿಡಿದು, ಯಾವುದು ಅಲುಗಾಡುತ್ತದೆ ಎಂದು ಕಾಯುತ್ತಿದ್ದ. ಸೆಟ್ಟಿಂಗ್ಸ್‌ಗೆ ಹೋಗಿ ಆ ಸುಳಿವನ್ನು ನಿಲ್ಲಿಸಿದ ದಿನ ಅವನ ಅಂಕಗಳು ನೆಲಕಚ್ಚಿದವು. ಅವನು ಅಕ್ಷರ ಕಲಿಯಲು ತೊಡಗಿದ್ದು ಅಂದಿನಿಂದ.

ಡಿಜಿಟಲ್ ಆಟವನ್ನು ಕಲಿಕೆಗೆ ಬಳಸುವವರು ಮಾಡಬೇಕಾದ ಮೊದಲ ಕೆಲಸ ಇದೇ: ಆಟ ಕೊಡುವ ಅಂಕವನ್ನು ನಂಬದೆ, ಪಕ್ಕದಲ್ಲಿ ಕುಳಿತು ಕಲಿಯುವವರ ಕಣ್ಣು, ಕೈ ಮತ್ತು ಮಾತನ್ನು ಗಮನಿಸುವುದು. ಕೆಳಗಿನ ಸಲಹೆಗಳನ್ನು ಪೋಷಕರು, ಶಿಕ್ಷಕರು ಮತ್ತು ಮಾತಿಗೆ ತೊಡಕಿರುವವರ ಒಡನಾಡಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಹೆಚ್ಚಿನವು ದುಬಾರಿ ಸಾಧನವನ್ನು ಬೇಡುವುದಿಲ್ಲ, ಆದರೆ ದೊಡ್ಡವರೊಬ್ಬರ ಸಮಯವನ್ನು ಖಂಡಿತ ಬೇಡುತ್ತವೆ.

ಆಟವನ್ನು ಆರಿಸುವುದು

ಆ್ಯಪ್ ಹುಡುಕುವುದಕ್ಕೆ ಮೊದಲು ಗುರಿಯನ್ನು ಒಂದೇ ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ. ‘ಓದು ಸುಧಾರಿಸಬೇಕು’ ಎಂಬುದು ಗುರಿಯಲ್ಲ, ಆಸೆ. ‘ಹ್ರಸ್ವ ಸ್ವರಕ್ಕೂ ದೀರ್ಘ ಸ್ವರಕ್ಕೂ ಇರುವ ವ್ಯತ್ಯಾಸವನ್ನು ಕೇಳಿ ಗುರುತಿಸಬೇಕು’, ‘ಬೇಸರವಾದಾಗ ವಸ್ತು ಎಸೆಯುವ ಬದಲು ಸಾಕು ಎಂದು ತಿಳಿಸಬೇಕು’ ಎಂಬಂಥವು ಗುರಿಗಳು, ಏಕೆಂದರೆ ಅವು ಈಡೇರಿದವೋ ಇಲ್ಲವೋ ಎಂಬುದನ್ನು ನೀವು ಕಣ್ಣಾರೆ ಕಾಣಬಹುದು.

ಆ ಬಳಿಕ ಒಂದು ಪ್ರಶ್ನೆ ಕೇಳಿಕೊಳ್ಳಿ: ಆಟ ಗೆಲ್ಲಲು ಮಾಡಬೇಕಾದ ಕೆಲಸವೂ ಕಲಿಯಬೇಕಾದ ಕೆಲಸವೂ ಒಂದೆಯೇ? ಬಲೂನು ಒಡೆಯುವ ಆಟದ ನಡುವೆ ಆಗೊಂದು ಈಗೊಂದು ಕಾಗುಣಿತದ ಪ್ರಶ್ನೆ ಬಂದರೆ, ಮಗು ಬಲೂನಿಗೆ ಮರಳುವ ಆತುರದಲ್ಲಿ ಯಾವುದೋ ಒಂದನ್ನು ಒತ್ತಿ ಮುಂದೆ ಹೋಗುತ್ತದೆ. ಅಲ್ಲಿ ಕಾಗುಣಿತವು ದಾರಿಯ ಅಡ್ಡಿಯೇ ಹೊರತು ಆಟವಲ್ಲ. ಇದಕ್ಕೆ ವಿರುದ್ಧವಾದ ಮಾದರಿ ಫಿನ್ಲೆಂಡಿನ ಯುವಾಸ್ಕುಲಾ ವಿಶ್ವವಿದ್ಯಾಲಯದ ಸಂಶೋಧನೆಯಿಂದ ಬೆಳೆದ ಗ್ರಾಫೋಗೇಮ್. ಅದರ ತಿರುಳೇ ಧ್ವನಿಯನ್ನು ಕೇಳಿ ಅದಕ್ಕೆ ಸರಿಹೊಂದುವ ಅಕ್ಷರವನ್ನು ಆರಿಸುವುದು, ಮತ್ತು ಆಡುವವರ ತಪ್ಪು ಒಪ್ಪುಗಳನ್ನು ನೋಡಿ ಅದು ಕಷ್ಟದ ಮಟ್ಟವನ್ನು ಹೊಂದಿಸಿಕೊಳ್ಳುತ್ತದೆ. ನೀವು ಆರಿಸಿದ ಆಟ ಯಾವ ಜಾತಿಯದು ಎಂದು ತಿಳಿಯಲು ಸುಲಭದ ದಾರಿಯೊಂದಿದೆ. ಕೇಳಿಸಿಕೊಳ್ಳುವುದನ್ನು ಕಲಿಸುವ ಆಟವನ್ನು ಧ್ವನಿ ಮುಚ್ಚಿ ಆಡಿ ನೋಡಿ. ಓದಲು ಕಲಿಸುವ ಆಟವನ್ನು ನಿಮಗೆ ಗೊತ್ತಿಲ್ಲದ ಲಿಪಿಯಲ್ಲಿ ಆಡಿ ನೋಡಿ. ಹಾಗೆಯೂ ಗೆಲ್ಲಲು ಸಾಧ್ಯವಾದರೆ ಮಗುವೂ ಅದೇ ಅಡ್ಡದಾರಿಯನ್ನು ಬೇಗನೆ ಕಂಡುಕೊಳ್ಳುತ್ತದೆ.

ಆರಿಸಿದ ಮೇಲೆ ಸೆಟ್ಟಿಂಗ್ಸ್ ನೋಡಲು ಹತ್ತು ನಿಮಿಷ ಮೀಸಲಿಡಿ. ಹಿನ್ನೆಲೆ ಸಂಗೀತವನ್ನು ನಿಲ್ಲಿಸಿ, ಏಕೆಂದರೆ ಸೂಕ್ಷ್ಮ ಧ್ವನಿಭೇದವನ್ನು ಅದು ನುಂಗಿಹಾಕುತ್ತದೆ. ವೇಗವೇ ಗುರಿಯಲ್ಲದಿದ್ದರೆ ಗಡಿಯಾರವನ್ನೂ ತೆಗೆದುಹಾಕಿ. ಜಾಲತಾಣಗಳ ಸುಗಮ ಬಳಕೆಗಾಗಿ ಇರುವ ಅಂತರರಾಷ್ಟ್ರೀಯ ಮಾರ್ಗಸೂಚಿಯು ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸಾನುಪಾತ (ಕಾಂಟ್ರಾಸ್ಟ್) ಇರಬೇಕೆನ್ನುತ್ತದೆ, ಮತ್ತು ಸೆಕೆಂಡಿಗೆ 3ಕ್ಕಿಂತ ಹೆಚ್ಚು ಬಾರಿ ಮಿನುಗುವ ದೃಶ್ಯಗಳು ಬೇಡವೆನ್ನುತ್ತದೆ. ಆಟಗಳಿಗೂ ಈ ಅಳತೆಗೋಲು ಸಲ್ಲುತ್ತದೆ, ಅದರಲ್ಲೂ ಮೂರ್ಛೆರೋಗ ಇರುವವರ ವಿಷಯದಲ್ಲಿ ಎರಡನೆಯದನ್ನು ಕಡೆಗಣಿಸುವಂತಿಲ್ಲ. ಬೆರಳಿನಿಂದ ನಿಖರವಾಗಿ ಮುಟ್ಟಲಾಗದವರಿಗೆ ಇಂದಿನ ಫೋನು ಮತ್ತು ಟ್ಯಾಬ್‌ಗಳಲ್ಲಿ ಒಂದೇ ಸ್ವಿಚ್ಚಿನಿಂದ ಪರದೆಯನ್ನು ನಡೆಸುವ ಸೌಲಭ್ಯ ಅಡಕವಾಗಿಯೇ ಇರುತ್ತದೆ. ದೊಡ್ಡ ಪರದೆಯ ಆಟಗಳಿಗೆ, ಹೊರಗಿನ ಸ್ವಿಚ್ಚುಗಳನ್ನು ಜೋಡಿಸಬಹುದಾದ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್‌ನಂಥ ಸಾಧನ 2018ರಿಂದ ದೊರೆಯುತ್ತಿದೆ.

ಒಂದು ಪರದೆ, ಇಬ್ಬರು ಆಟಗಾರರು

ಮಾತನ್ನು ಬೆಳೆಸುವ ವಿಷಯದಲ್ಲಿ, ‘ಶೈಕ್ಷಣಿಕ’ ಎಂಬ ಹಣೆಪಟ್ಟಿ ಹೊತ್ತ ಆಟಗಳಿಗಿಂತ ಸಾಧಾರಣ ಆಟಗಳೇ ಹೆಚ್ಚು ಒದಗಿಬರುವುದನ್ನು ನಾನು ಕಂಡಿದ್ದೇನೆ. ಮಾತು ಹುಟ್ಟಬೇಕಾದರೆ ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿರಬಾರದು. ಈ ಕೊರತೆಯನ್ನು ನಾವೇ ಬೇಕೆಂದು ಸೃಷ್ಟಿಸಬಹುದು.

ಮೈನ್‌ಕ್ರಾಫ್ಟ್‌ನಂತೆ ಇಟ್ಟಿಗೆ ಜೋಡಿಸಿ ಕಟ್ಟುವ ಯಾವುದಾದರೂ ಆಟವನ್ನು ತೆಗೆದುಕೊಳ್ಳಿ. ಅದರಲ್ಲಿ ನೀವೇ ಮೊದಲು ಹದಿನೈದು ಇಟ್ಟಿಗೆಗಳ ಪುಟ್ಟ ಗೋಡೆಯೊಂದನ್ನು ಕಟ್ಟಿ, ಅದರ ಚಿತ್ರ ತೆಗೆದಿಟ್ಟುಕೊಳ್ಳಿ. ಒಬ್ಬ ಮಗುವಿನ ಕೈಗೆ ಚಿತ್ರ ಕೊಡಿ, ಇನ್ನೊಬ್ಬರ ಕೈಗೆ ಟ್ಯಾಬ್ ಕೊಡಿ. ಚಿತ್ರ ಹಿಡಿದವರು ಪರದೆಯನ್ನು ನೋಡಬಹುದು, ಮುಟ್ಟುವಂತಿಲ್ಲ. ಟ್ಯಾಬ್ ಹಿಡಿದವರು ಚಿತ್ರವನ್ನು ನೋಡುವಂತಿಲ್ಲ. ಮೊದಲ ಎರಡು ನಿಮಿಷ ‘ಅಲ್ಲಿ’, ‘ಅದು’, ‘ಹಾಗಲ್ಲ’ ಎಂಬ ಪದಗಳೇ ಕೇಳಿಸುತ್ತವೆ. ಆಗ ನೀವು ಬಾಯಿ ಹಾಕಬೇಡಿ. ‘ಅಲ್ಲಿ’ ಎಂದರೆ ಎಲ್ಲಿ ಎಂಬ ಗೊಂದಲವೇ ಅವರನ್ನು ‘ಕೆಂಪು ಇಟ್ಟಿಗೆಯ ಎಡಕ್ಕೆ’, ‘ಕೆಳಗಿನಿಂದ ಎರಡನೆಯ ಸಾಲಿನಲ್ಲಿ’ ಎಂಬ ನಿಖರ ಮಾತಿನ ಕಡೆಗೆ ದೂಡುತ್ತದೆ. ಇಬ್ಬರೂ ಪೂರ್ತಿ ಸಿಕ್ಕಿಹಾಕಿಕೊಂಡಾಗ ಮಾತ್ರ ಬೇಕಾದ ಒಂದು ಪದವನ್ನು, ಒಂದೇ ಪದವನ್ನು, ಪಿಸುಗುಡಿ. ಗೋಡೆ ಮುಗಿದ ಮೇಲೆ ಚಿತ್ರದೊಂದಿಗೆ ಹೋಲಿಸಿ, ಎಲ್ಲಿ ತಪ್ಪಿತು, ಯಾವ ಮಾತು ದಾರಿ ತಪ್ಪಿಸಿತು ಎಂದು ಮೂವರೂ ಕುಳಿತು ಹುಡುಕಿ. ಈ ಕೊನೆಯ ಐದು ನಿಮಿಷಗಳನ್ನು ಬಿಟ್ಟುಬಿಡುವವರೇ ಹೆಚ್ಚು, ಆದರೆ ಭಾಷೆ ಗಟ್ಟಿಯಾಗುವುದು ಅಲ್ಲಿಯೇ. ಎರಡನೆಯ ಭಾಷೆಯನ್ನು ಕಲಿಯುವ ವಯಸ್ಕರಿಗೂ ಇದೇ ಆಟ ಹೊಂದುತ್ತದೆ. ಕಿವಿ ಕೇಳಿಸದವರಿದ್ದರೆ ಸನ್ನೆ ಭಾಷೆಯಲ್ಲಿ ಅಥವಾ ಟೈಪು ಮಾಡಿದ ಸಂದೇಶಗಳಲ್ಲಿ ಆಡಬಹುದು.

ಕನ್ನಡವನ್ನು ಯಂತ್ರದ ಬಾಯಿಗೆ ಕೊಡುವಾಗ

ಪಠ್ಯವನ್ನು ಓದಿ ಹೇಳುವ ತಂತ್ರಾಂಶ ಈಗ ಬಹುತೇಕ ಫೋನುಗಳಲ್ಲಿ ಕನ್ನಡಕ್ಕೂ ಲಭ್ಯವಿದೆ. ಓದಲು ತೊಡಕಿರುವವರಿಗೆ ಪಾಠ ಕೇಳಿಸಲು, ಚಿತ್ರ ಮುಟ್ಟಿ ಮಾತು ತಿಳಿಸುವ ಸಂವಹನ ಫಲಕಕ್ಕೆ ಧ್ವನಿ ಕೊಡಲು, ಬರೆದುದನ್ನು ಕೇಳಿ ತಿದ್ದಿಕೊಳ್ಳಲು ಇದು ಬಹಳ ಉಪಯುಕ್ತ. ಆದರೆ ಕಲಿಕೆಗೆ ಇಳಿಸುವ ಮೊದಲು ಆ ಧ್ವನಿಯನ್ನು ಪರೀಕ್ಷಿಸಿ. ‘ಬಳೆ, ಬಾಳೆ’, ‘ಕೊಡು, ಕೋಡು’, ‘ಕತೆ, ಕತ್ತೆ’, ‘ಹಲ್ಲಿ, ಹಳ್ಳಿ’, ‘ಬಾರ, ಭಾರ’ ಎಂಬ ಜೋಡಿಗಳನ್ನು ಟೈಪು ಮಾಡಿ ಓದಿಸಿ, ಪರದೆ ನೋಡದ ಇನ್ನೊಬ್ಬರಿಗೆ ಏನು ಕೇಳಿಸಿತೆಂದು ಬರೆಯಲು ಹೇಳಿ. ಯಾವ ಜೋಡಿಯಲ್ಲಿ ಗೊಂದಲವಾಯಿತೋ ಅದನ್ನು ಕಲಿಸಲು ಆ ಧ್ವನಿಯನ್ನು ಬಳಸಬೇಡಿ. ನಿಮ್ಮ ದನಿಯಲ್ಲೇ ರೆಕಾರ್ಡ್ ಮಾಡಿ. ಓದುವ ವೇಗವನ್ನು ತುಸು ತಗ್ಗಿಸುವುದು ಒಳ್ಳೆಯದು, ತೀರಾ ತಗ್ಗಿಸಿದರೆ ಹ್ರಸ್ವವೂ ದೀರ್ಘದಂತೆ ಕೇಳಿಸಿ ಕಲಿಕೆ ಕೆಡುತ್ತದೆ.

ಸ್ವಂತ ಆಟವನ್ನೇ ಕಟ್ಟುವುದಾದರೆ, ಎಂಐಟಿ ಮೀಡಿಯಾ ಲ್ಯಾಬ್ 2007ರಲ್ಲಿ ಹೊರತಂದ ಸ್ಕ್ರ್ಯಾಚ್ ಇಂದಿಗೂ ಒಳ್ಳೆಯ ಆಯ್ಕೆ. ಬಣ್ಣದ ತುಂಡುಗಳನ್ನು ಜೋಡಿಸಿ ಪ್ರೋಗ್ರಾಂ ಬರೆಯುವ ಈ ಉಚಿತ ಸಾಧನದಲ್ಲಿ ಕನ್ನಡ ಅಕ್ಷರಗಳನ್ನು ನೇರವಾಗಿ ಬಳಸಬಹುದು. ಆದರೆ ಇಲ್ಲೊಂದು ತೊಡಕಿದೆ, ಮತ್ತು ಅದನ್ನು ತಿಳಿಯದೆ ಅನೇಕರು ಸೋತು ಕೈಬಿಡುತ್ತಾರೆ. ‘ಕನ್ನಡ’ ಪದದಲ್ಲಿ ಎಷ್ಟು ಅಕ್ಷರ ಎಂದು ಸ್ಕ್ರ್ಯಾಚನ್ನು ಕೇಳಿದರೆ ಅದು 5 ಎನ್ನುತ್ತದೆ. ನಮ್ಮ ಎಣಿಕೆಯಲ್ಲಿ ಅದು ಮೂರೇ ಅಕ್ಷರ. ಕಾರಣವಿಷ್ಟೇ: ಕಂಪ್ಯೂಟರುಗಳು ಅಕ್ಷರಗಳನ್ನು ದಾಖಲಿಸುವ ಯುನಿಕೋಡ್ ವ್ಯವಸ್ಥೆಯಲ್ಲಿ ‘ನ್ನ’ ಎಂಬುದು ನಕಾರ, ಹಲಂತದ ಚಿಹ್ನೆ ಮತ್ತು ಇನ್ನೊಂದು ನಕಾರ ಎಂದು ಮೂರು ಸಂಕೇತಗಳಾಗಿ ದಾಖಲಾಗಿರುತ್ತದೆ. ‘ಸ್ತ್ರೀ’ ಎಂಬ ಒಂದೇ ಅಕ್ಷರ 6 ಸಂಕೇತಗಳಿಂದಾಗಿದೆ. ಆದ್ದರಿಂದ ಪದವನ್ನು ಒಡೆದು ಅಕ್ಷರ ಜೋಡಿಸುವ ಆಟವನ್ನು ಸಿದ್ಧ ತುಂಡುಗಳಿಂದಲೇ ಮಾಡಲು ಹೋದರೆ ಒತ್ತಕ್ಷರಗಳು ಚೂರಾಗಿ, ಸ್ವರಚಿಹ್ನೆಗಳು ಒಂಟಿಯಾಗಿ ಪರದೆಯ ಮೇಲೆ ತೇಲುತ್ತವೆ. ಪರಿಹಾರ ಸರಳವಾಗಿದೆ. ಪದವನ್ನು ಯಂತ್ರದಿಂದ ಒಡೆಸಬೇಡಿ. ಒಂದು ಪಟ್ಟಿಯನ್ನು ರಚಿಸಿ, ‘ಕ’, ‘ನ್ನ’, ‘ಡ’ ಎಂದು ಪ್ರತಿ ಅಕ್ಷರವನ್ನೂ ಅದರ ಒಂದೊಂದು ಸಾಲಾಗಿ ನೀವೇ ಟೈಪು ಮಾಡಿ, ಆಟವು ಪಟ್ಟಿಯ ಸಾಲುಗಳನ್ನು ಕಲೆಸಿ ತೋರಿಸುವಂತೆ ಮಾಡಿ. ಪ್ರತಿ ಅಕ್ಷರದ ಉಚ್ಚಾರವನ್ನು ಧ್ವನಿ ವಿಭಾಗದಲ್ಲಿ ರೆಕಾರ್ಡ್ ಮಾಡಿ ಸೇರಿಸಿ. ಕಲಿಯುವ ಮಗುವಿನಿಂದಲೇ ರೆಕಾರ್ಡ್ ಮಾಡಿಸಿದರೆ ಇನ್ನೂ ಚೆನ್ನ, ಏಕೆಂದರೆ ಸರಿಯಾಗಿ ಬರುವವರೆಗೆ ಅದು ತಾನಾಗಿಯೇ ಐದಾರು ಸಲ ಉಚ್ಚರಿಸಿ ನೋಡುತ್ತದೆ.

ಮಾತಿಗೆ ಬದಲಿ ದಾರಿ ಬೇಕಾದವರಿಗೆ

ಮಾತು ಬಾರದ ಅಥವಾ ಮಾತು ಸ್ಪಷ್ಟವಾಗದ ಮಕ್ಕಳಿಗೂ ವಯಸ್ಕರಿಗೂ ಚಿತ್ರ ಮುಟ್ಟಿದರೆ ಮಾತಾಡುವ ಸಂವಹನ ಫಲಕದ ಆ್ಯಪ್‌ಗಳಿವೆ. ಸಿಬೋರ್ಡ್‌ನಂಥವು ಮುಕ್ತ ತಂತ್ರಾಂಶವಾಗಿದ್ದು ಬ್ರೌಸರಿನಲ್ಲಿಯೇ ನಡೆಯುತ್ತವೆ. ಸ್ಪೇನಿನ ಅರಗಾನ್ ಪ್ರಾದೇಶಿಕ ಸರ್ಕಾರದ ಅರಾಸಾಕ್ ಯೋಜನೆಯು ಸಾವಿರಾರು ಸಂಕೇತ ಚಿತ್ರಗಳನ್ನು ವಾಣಿಜ್ಯೇತರ ಬಳಕೆಗೆ ಉಚಿತವಾಗಿ ಕೊಡುತ್ತದೆ. ಫಲಕ ಕೊಟ್ಟರೆ ಮಗು ಬಾಯಿಂದ ಮಾತಾಡುವುದನ್ನೇ ಬಿಟ್ಟೀತು ಎಂಬ ಅಂಜಿಕೆ ಅನೇಕ ಪೋಷಕರಲ್ಲಿದೆ. ಈ ವಿಷಯದಲ್ಲಿ ನಡೆದ ಅಧ್ಯಯನಗಳು ಆ ಅಂಜಿಕೆಯನ್ನು ಸಮರ್ಥಿಸಿಲ್ಲ. ಆದ್ದರಿಂದ ಮಾತು ಬರಲಿ ಎಂದು ಕಾಯುತ್ತಾ ವರ್ಷಗಳನ್ನು ಕಳೆಯಬೇಡಿ. ಸ್ಪೀಚ್ ಥೆರಪಿಸ್ಟ್ ಒಬ್ಬರ ಮಾರ್ಗದರ್ಶನ ದೊರೆತರೆ ಫಲಕದ ಗಾತ್ರ, ಚಿತ್ರಗಳ ಸಂಖ್ಯೆ ಮುಂತಾದವನ್ನು ಅವರೊಂದಿಗೆ ಕುಳಿತು ನಿರ್ಧರಿಸಿ.

ಆರಂಭದ ಫಲಕದಲ್ಲಿ ವಸ್ತುಗಳ ಹೆಸರನ್ನೇ ತುಂಬುವುದು ಸಾಮಾನ್ಯವಾಗಿ ಆಗುವ ತಪ್ಪು. ‘ಚೆಂಡು’, ‘ಕಾರು’, ‘ಬೆಕ್ಕು’ ಎಂದು ಹೆಸರಿಸುವುದು ಸಂವಹನದ ಸಣ್ಣ ಭಾಗ ಮಾತ್ರ. ‘ಬೇಕು’, ‘ಬೇಡ’, ‘ಇನ್ನೂ’, ‘ಸಾಕು’, ‘ನಿಲ್ಲಿಸು’, ‘ನೋಡು’, ‘ಕೊಡು’, ‘ನನ್ನ ಸರದಿ’, ‘ಯಾಕೆ’ ಇವು ದಿನದ ಎಲ್ಲ ಹೊತ್ತಿನಲ್ಲೂ ಬೇಕಾಗುವ ಪದಗಳು. ಇವುಗಳಿಗೆ ಮೊದಲ ಜಾಗ ಕೊಡಿ. ಇನ್ನೊಂದು ತೊಡಕು ನಮ್ಮ ಭಾಷೆಗೇ ಸಂಬಂಧಿಸಿದ್ದು. ಬೇರೆ ಭಾಷೆಯ ಫಲಕವನ್ನು ಪದಕ್ಕೆ ಪದವಿಟ್ಟು ಕನ್ನಡಕ್ಕೆ ತಂದರೆ, ಮಗು ಮೂರು ಚಿತ್ರಗಳನ್ನು ಮುಟ್ಟಿದಾಗ ಯಂತ್ರವು ‘ನಾನು ಬೇಕು ನೀರು’ ಎನ್ನುತ್ತದೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಪದದ ತುದಿಗೆ ವಿಭಕ್ತಿ ಸೇರುತ್ತದೆ. ಆದ್ದರಿಂದ ‘ನಾನು’ ಎಂಬ ಗುಂಡಿಯ ಪಕ್ಕದಲ್ಲಿಯೇ ‘ನನಗೆ’ ಮತ್ತು ‘ನನ್ನ’ ಎಂಬ ಗುಂಡಿಗಳಿರಲಿ, ‘ಬೇಕು’, ‘ಬೇಡ’ಗಳು ಬಲತುದಿಯಲ್ಲಿರಲಿ, ಆಗ ಎಡದಿಂದ ಬಲಕ್ಕೆ ಕೈ ಸಾಗಿದಂತೆ ‘ನನಗೆ ನೀರು ಬೇಕು’ ಎಂಬ ಸಹಜ ವಾಕ್ಯ ಹೊರಡುತ್ತದೆ. ‘ಬಾ’ ಮತ್ತು ‘ಬನ್ನಿ’ ಎರಡೂ ಇರಬೇಕು. ಯಂತ್ರದ ಮೂಲಕ ಮಾತಾಡುವ ಮಗುವಿಗೂ ಗೆಳೆಯನನ್ನು ಒಂದು ಬಗೆಯಲ್ಲಿ, ಅಜ್ಜನನ್ನು ಇನ್ನೊಂದು ಬಗೆಯಲ್ಲಿ ಕರೆಯುವ ಹಕ್ಕಿದೆ. ಒಮ್ಮೆ ಇಟ್ಟ ಗುಂಡಿಯ ಜಾಗವನ್ನು ಬದಲಾಯಿಸಬೇಡಿ, ಏಕೆಂದರೆ ಕೆಲವು ವಾರಗಳಲ್ಲಿ ಕೈ ಆ ಜಾಗವನ್ನು ಕಣ್ಣಿಗಿಂತ ಮೊದಲು ನೆನಪಿಟ್ಟುಕೊಳ್ಳುತ್ತದೆ.

ಫಲಕವನ್ನು ಮಗುವಿನ ಮುಂದಿಟ್ಟು ‘ಹೇಳು, ಹೇಳು’ ಎಂದು ಒತ್ತಾಯಿಸುವುದರಿಂದ ಏನೂ ಆಗುವುದಿಲ್ಲ. ಮಾತಾಡುವ ಮಕ್ಕಳು ಮೊದಲ ಪದ ಆಡುವ ಮುನ್ನ ಸುಮಾರು ಒಂದು ವರ್ಷ ಸುತ್ತಲಿನವರ ಮಾತು ಕೇಳಿರುತ್ತಾರೆ. ಫಲಕದ ಭಾಷೆಯನ್ನೂ ಹಾಗೆಯೇ ತೋರಿಸಬೇಕಾಗುತ್ತದೆ. ಇಲ್ಲಿಯೇ ಆಟ ನೆರವಿಗೆ ಬರುವುದು. ಮಗುವಿಗೆ ಪ್ರಿಯವಾದ, ಸಣ್ಣ ಸುತ್ತುಗಳಿರುವ ಆಟವೊಂದನ್ನು ಒಂದು ಸಾಧನದಲ್ಲಿ ತೆರೆಯಿರಿ, ಫಲಕವನ್ನು ಇನ್ನೊಂದರಲ್ಲಿ ಅಥವಾ ಕಾಗದದಲ್ಲಿ ಪಕ್ಕಕ್ಕಿಡಿ. ಸುತ್ತು ಮುಗಿದಾಗ ನೀವು ‘ಇನ್ನೂ’ ಗುಂಡಿಯನ್ನು ಮುಟ್ಟಿ, ಬಾಯಲ್ಲೂ ‘ಇನ್ನೂ’ ಎಂದು ಹೇಳಿ, ಮುಂದಿನ ಸುತ್ತು ಶುರುಮಾಡಿ. ಮಗುವಿನಿಂದ ಏನನ್ನೂ ನಿರೀಕ್ಷಿಸಬೇಡಿ. ಹಲವು ದಿನಗಳ ಬಳಿಕ ಒಂದು ಸುತ್ತು ಮುಗಿದಾಗ ಏನೂ ಮಾಡದೆ, ಮುಖದಲ್ಲಿ ನಿರೀಕ್ಷೆ ಇಟ್ಟುಕೊಂಡು, ಮನಸ್ಸಿನಲ್ಲಿ ಹತ್ತರವರೆಗೆ ನಿಧಾನವಾಗಿ ಎಣಿಸಿ. ಆ ಹತ್ತು ಸೆಕೆಂಡುಗಳು ನಮಗೆ ಬಹಳ ಉದ್ದವೆನಿಸುತ್ತವೆ, ನಡುವೆ ನೆರವಾಗಲು ಕೈ ತುಡಿಯುತ್ತದೆ, ತಡೆದುಕೊಳ್ಳಿ. ಕೈ ಫಲಕದತ್ತ ಹೊರಟರೆ, ತಪ್ಪು ಗುಂಡಿ ಮುಟ್ಟಿದರೂ, ಅದನ್ನು ಮಾತೆಂದೇ ಪರಿಗಣಿಸಿ ಉತ್ತರಿಸಿ. ‘ಸಾಕು’ ಎಂದು ಮುಟ್ಟಿದರೆ ಆಟ ನಿಲ್ಲಿಸಲೇಬೇಕು, ಅದು ನಿಮಗೆ ಇಷ್ಟವಿಲ್ಲದ ಹೊತ್ತಾದರೂ ಸರಿ. ಹೇಳಿದ್ದು ನಡೆಯುತ್ತದೆ ಎಂದು ತಿಳಿದಾಗಲೇ ಹೇಳುವ ಹುಮ್ಮಸ್ಸು ಬರುತ್ತದೆ. ಮತ್ತು ಯಾವ ಕಾರಣಕ್ಕೂ, ಶಿಕ್ಷೆಯಾಗಿ, ಫಲಕವಿರುವ ಸಾಧನವನ್ನು ಕಸಿದುಕೊಳ್ಳಬೇಡಿ. ಅದು ಆಟಿಕೆಯಲ್ಲ, ಆ ಮಗುವಿನ ದನಿ.

ಮಾತು ಗುರುತಿಸುವ, ಅನುವಾದಿಸುವ, ಬರೆದುಕೊಡುವ ಯಂತ್ರಗಳು

ಮಾತನ್ನು ಬರಹವಾಗಿಸುವ ತಂತ್ರಾಂಶವು ಬರೆಯಲು ಕೈ ಸೋಲುವವರಿಗೆ ದೊಡ್ಡ ಆಸರೆ. ಆದರೆ ಅದನ್ನು ಉಚ್ಚಾರದ ಪರೀಕ್ಷಕನನ್ನಾಗಿ ಮಾಡಬೇಡಿ. ಇಂಥ ವ್ಯವಸ್ಥೆಗಳು ಬಹುಮಟ್ಟಿಗೆ ವಯಸ್ಕರ ಮಾತಿನ ಮೇಲೆ ತರಬೇತಿ ಪಡೆದಿರುವುದರಿಂದ ಮಕ್ಕಳ ಎತ್ತರದ ದನಿಯಲ್ಲೂ ತೊದಲುವಿಕೆಯಲ್ಲೂ ಎಡವುತ್ತವೆ, ಸರಿಯಾಗಿ ಹೇಳಿದ ಮಗುವಿಗೂ ‘ತಪ್ಪು’ ಎಂದುಬಿಡುತ್ತವೆ. ಈ ಕೊರತೆಯನ್ನು ನೀಗಲು ಗೂಗಲ್ 2019ರಲ್ಲಿ ಪ್ರಕಟಿಸಿದ ಪ್ರಾಜೆಕ್ಟ್ ಯೂಫೋನಿಯಾ ಅಸ್ಪಷ್ಟ ಮಾತಿನ ಮಾದರಿಗಳನ್ನು ಸಂಗ್ರಹಿಸತೊಡಗಿತು. ಮೊಜಿಲ್ಲಾ 2017ರಲ್ಲಿ ಆರಂಭಿಸಿದ ಕಾಮನ್ ವಾಯ್ಸ್ ಯಾರು ಬೇಕಾದರೂ ತಮ್ಮ ದನಿಯನ್ನು ಕೊಡಬಹುದಾದ ಮುಕ್ತ ಸಂಗ್ರಹ. ಮಾತನ್ನು ಬರಹವಾಗಿಸುವ ತಂತ್ರಾಂಶವನ್ನು ಬಳಸುವಾಗ ಮೈಕನ್ನು ಬಾಯಿಗೆ ಒಂದು ಗೇಣು ದೂರದಲ್ಲಿಟ್ಟು, ಒಂದೊಂದೇ ವಾಕ್ಯ ಹೇಳಿಸಿ, ಪ್ರತಿ ವಾಕ್ಯವನ್ನೂ ಓದಿ ತಿದ್ದಿಸಿ.

ಯಂತ್ರಾನುವಾದದ ವಿಷಯದಲ್ಲಿ ಒಂದೇ ಎಚ್ಚರಿಕೆ. ಕನ್ನಡದಲ್ಲಿ ನಾವು ಕರ್ತೃಪದವನ್ನು ಆಗಾಗ ಬಿಟ್ಟೇ ಮಾತಾಡುತ್ತೇವೆ. ‘ನಾಳೆ ಹೋಗಬೇಕು’ ಎಂದು ಬರೆದರೆ ಯಾರು ಹೋಗಬೇಕೆಂಬುದನ್ನು ಯಂತ್ರವು ಊಹಿಸುತ್ತದೆ, ಊಹೆ ತಪ್ಪಿದ್ದರೂ ನಿಮಗೆ ತಿಳಿಸುವುದಿಲ್ಲ. ‘ನೀವು ನಾಳೆ ಹೋಗಬೇಕು’ ಎಂದು ಪೂರ್ತಿ ಬರೆಯಿರಿ, ಬಂದ ಅನುವಾದವನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ ನೋಡಿ. ಔಷಧ, ಹಣ, ಸಹಿ ಇವುಗಳ ಮಾತಾದರೆ ಎರಡೂ ಭಾಷೆ ಬಲ್ಲ ಮನುಷ್ಯರೊಬ್ಬರು ನೋಡಲೇಬೇಕು.

ಪ್ರಶ್ನೆ ಕೇಳಿದರೆ ಬರೆದುಕೊಡುವ ಭಾಷಾ ಮಾದರಿಗಳು ಅಭ್ಯಾಸದ ಸಾಮಗ್ರಿ ಸಿದ್ಧಪಡಿಸಲು ಶಿಕ್ಷಕರಿಗೆ ನೆರವಾಗುತ್ತವೆ. ‘ಒಂದು ಕತೆ ಬರೆ’ ಎನ್ನುವುದಕ್ಕಿಂತ, ಮಗುವಿಗೆ ಗೊತ್ತಿರುವ ಇಪ್ಪತ್ತು ಪದಗಳನ್ನು ಕೊಟ್ಟು, ಅವುಗಳ ಜೊತೆಗೆ ಮೂರು ಹೊಸ ಪದ ಮಾತ್ರ ಸೇರಿಸಿ, ಒಂದು ವಾಕ್ಯದಲ್ಲಿ ಐದು ಪದ ಮೀರದಂತೆ ಬರೆಯಲು ಹೇಳಿ. ಬಂದದ್ದನ್ನು ಗಟ್ಟಿಯಾಗಿ ಓದಿ. ನಾಲಿಗೆ ತಡವರಿಸುವ, ಅನುವಾದದ ವಾಸನೆ ಬರುವ ವಾಕ್ಯಗಳನ್ನು ಹೊಡೆದುಹಾಕಿ. ಈ ಮಾದರಿಗಳು ತಪ್ಪು ಮಾಹಿತಿಯನ್ನೂ ಸರಿಯಾದುದರಷ್ಟೇ ಧೈರ್ಯದಿಂದ ಬರೆಯುವುದರಿಂದ, ನೀವು ಓದದ ಪುಟ ಮಗುವಿನ ಕೈಸೇರಬಾರದು. ಮಗುವಿನ ಹೆಸರು, ಶಾಲೆ, ಆರೋಗ್ಯದ ವಿವರ, ಧ್ವನಿಮುದ್ರಿಕೆ ಇವನ್ನು ಇಂಥ ಸೇವೆಗಳಿಗೆ ಕೊಡಬೇಡಿ.

ಕಲಿತದ್ದು ಉಳಿಯಿತೇ ಎಂದು ನೋಡುವುದು

ಜರ್ಮನ್ ಮನಶ್ಶಾಸ್ತ್ರಜ್ಞ ಹರ್ಮನ್ ಎಬಿಂಗ್‌ಹಾಸ್ ತನ್ನ ಮೇಲೆಯೇ ಪ್ರಯೋಗ ನಡೆಸಿ 1885ರಲ್ಲಿ ಪ್ರಕಟಿಸಿದ ಫಲಿತಾಂಶವು, ಕಲಿತದ್ದರ ಬಹುಪಾಲು ಮೊದಲ ಕೆಲವು ಗಂಟೆಗಳಲ್ಲೇ ಮರೆತುಹೋಗುತ್ತದೆ, ಅನಂತರ ಮರೆವಿನ ವೇಗ ತಗ್ಗುತ್ತದೆ ಎಂದು ತೋರಿಸಿತು. 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಜನಪ್ರಿಯಗೊಳಿಸಿದ, ಚೀಟಿಗಳನ್ನು ಪೆಟ್ಟಿಗೆಯಲ್ಲಿ ವಿಂಗಡಿಸಿಡುವ ವಿಧಾನವೂ, 2006ರಲ್ಲಿ ಬಂದ, ಚೀಟಿಗಳನ್ನು ಪರದೆಯ ಮೇಲೆ ತೋರಿಸುವ ಆಂಕಿ ತಂತ್ರಾಂಶವೂ ಇದನ್ನೇ ಆಧರಿಸಿವೆ: ನೆನಪಾದ ಪದವನ್ನು ಹೆಚ್ಚು ದಿನ ಬಿಟ್ಟು, ಮರೆತ ಪದವನ್ನು ಬೇಗನೆ ಮತ್ತೆ ಕೇಳಬೇಕು. ದಿನಕ್ಕೆ ಐದು ಹೊಸ ಪದ ಸಾಕು. ಮರುದಿನ, ಮೂರು ದಿನದ ಮೇಲೆ, ವಾರದ ಮೇಲೆ, ಎರಡು ವಾರದ ಮೇಲೆ ಅವನ್ನೇ ಕೇಳಿ. ಒಂದೇ ಬೈಠಕ್ಕಿನಲ್ಲಿ ಗಂಟೆಗಟ್ಟಲೆ ಆಡಿಸುವುದಕ್ಕಿಂತ ಹತ್ತು ಹತ್ತು ನಿಮಿಷದ ಹಲವು ಸರದಿಗಳು ಹೆಚ್ಚು ಫಲ ಕೊಡುತ್ತವೆ. ತೀರಾ ಚಿಕ್ಕವರ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ, 2ರಿಂದ 4 ವರ್ಷದ ಮಕ್ಕಳು ಕುಳಿತು ಪರದೆ ನೋಡುವ ಹೊತ್ತು ದಿನಕ್ಕೆ 1 ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎನ್ನುತ್ತದೆ. ಮಾತಿನ ಬದಲಿಗೆ ಬಳಸುವ ಸಂವಹನ ಫಲಕದ ಹೊತ್ತನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.

ಪರೀಕ್ಷೆಯನ್ನು ಆಟದ ಹೊರಗೆ ನಡೆಸಿ. ಆಟದಲ್ಲಿ ಕಲಿತ ಅಕ್ಷರವನ್ನು ಬೇರೆ ಗಾತ್ರದಲ್ಲಿ, ಬೇರೆ ಬಣ್ಣದಲ್ಲಿ, ಗೋಡೆಯ ಮೇಲಿನ ಬರಹದಲ್ಲಿ ಗುರುತಿಸುತ್ತಾರೆಯೇ ನೋಡಿ. ಫಲಕ ಬಳಸುವವರ ವಿಷಯದಲ್ಲಿ, ನೀವು ಕೇಳದೆಯೇ ತಾವಾಗಿ ಆಡಿದ ಮಾತುಗಳನ್ನಷ್ಟೇ ಒಂದು ಪುಟ್ಟ ಪುಸ್ತಕದಲ್ಲಿ ದಿನಾಂಕ ಹಾಕಿ ಬರೆದಿಡಿ. ನಾಲ್ಕು ವಾರಗಳಲ್ಲಿ ಆ ಪಟ್ಟಿ ಬೆಳೆಯದಿದ್ದರೆ ಮಗುವನ್ನು ದೂರದೆ, ಫಲಕದ ಪದಗಳನ್ನೋ ಆಟವನ್ನೋ ಬದಲಾಯಿಸಿ. ಬಹಳಷ್ಟು ಸಲ ಕಾರಣ, ಮಗುವಿಗೆ ಹೇಳಬೇಕೆನಿಸುವ ಮಾತು ಆ ಫಲಕದಲ್ಲಿ ಇಲ್ಲದಿರುವುದು.

ಕೊನೆಯದಾಗಿ, ಫಲಕದ ಎಲ್ಲ ಪುಟಗಳನ್ನೂ ಗುಂಡಿಗಳು ಅದದೇ ಜಾಗದಲ್ಲಿರುವಂತೆ ಕಾಗದದ ಮೇಲೆ ಮುದ್ರಿಸಿ, ಲ್ಯಾಮಿನೇಟ್ ಮಾಡಿಸಿ, ಒಂದು ಪ್ರತಿಯನ್ನು ಮಗುವಿನ ಚೀಲದಲ್ಲಿ, ಇನ್ನೊಂದನ್ನು ಶಾಲೆಯಲ್ಲಿ ಇಡಿ. ಪದ ಸೇರಿಸಿದಾಗಲೆಲ್ಲ ಫಲಕದ ಕಡತವನ್ನು ಬೇರೊಂದು ಸಾಧನಕ್ಕೆ ನಕಲು ಮಾಡಿ, ಕಾಗದದ ಪ್ರತಿಗಳನ್ನೂ ಅದೇ ವಾರ ಬದಲಿಸಿ.